ಚಿಕ್ಕಪ್ಪನನ್ನು ಹುಡುಕುತ್ತ ದೋಣಿ ಕಲಿತದ್ದು

ದೋಣಿ ನಡೆಸುವುದನ್ನು ನಾನು ಕಲಿತದ್ದು ಚಿಕ್ಕಪ್ಪನ ಹೆಣ ಹುಡುಕುತ್ತ. ಕೊಡಗು ಆಗ ಬೇರೆಯೇ ರಾಜ್ಯ. ಕುಶಾಲನಗರದ ಹತ್ತಿರ, ನಮ್ಮ ಗದ್ದೆಯ ಅಂಚಿನಲ್ಲಿ ಹರಿಯುವ ಕಾವೇರಿಯ ಈ ದಡ ಕೊಡಗು, ಆ ದಡ ಮೈಸೂರು. ನಮ್ಮವರು ಹಾಸನದ ಕಡೆಯಿಂದ ಬಂದು ಇಲ್ಲಿ ನೆಲ ಹಿಡಿದವರು. ನಾನು ಮೈಸೂರಿನಲ್ಲಿ ತರ್ಕಶಾಸ್ತ್ರ ಓದಿ ಮುಗಿಸಿ, ಕೆಲಸ ಸಿಗದೆ, ಮನೆಯಲ್ಲಿ ಕೂರಲೂ ಆಗದೆ ಸುತ್ತುತ್ತಿದ್ದ ಮಳೆಗಾಲ ಅದು.

ನಡುಗಡ್ಡೆಯಲ್ಲಿ ಸಿಕ್ಕಿಕೊಂಡ ಎತ್ತುಗಳನ್ನು ಬಿಡಿಸಿ ತರಲು ಚಿಕ್ಕಪ್ಪ ಈಜಿ ಹೋದರು. ಎತ್ತುಗಳು ಮರಳಿ ಬಂದವು, ಅವರು ಬರಲಿಲ್ಲ. ಇಷ್ಟು ಖಚಿತ. ಮಿಕ್ಕಿದ್ದರಲ್ಲಿ ನಾನು ಕಂಡದ್ದೆಷ್ಟು, ಆಮೇಲೆ ಜಗಲಿಯಲ್ಲಿ ಕೇಳಿ ಕೇಳಿ ಕಂಡಂತಾದದ್ದೆಷ್ಟು ಎಂದು ಬೇರ್ಪಡಿಸಲು ಹೋಗಿ ಹಲವು ಸಲ ಸೋತಿದ್ದೇನೆ.

ಮನೆಯಲ್ಲಿ ಮರ ಕೊರೆದು ಮಾಡಿದ ಒಂದು ದೋಣಿಯಿತ್ತು. ಅದನ್ನು ನಡೆಸಬಲ್ಲವರು ಇಬ್ಬರೇ, ಚಿಕ್ಕಪ್ಪ ಮತ್ತು ದೊಡ್ಡಪ್ಪ. ದೊಡ್ಡಪ್ಪನ ಭುಜ ಗಾಡಿಯಿಂದ ಬಿದ್ದು ಕೆಟ್ಟಿತ್ತು. ಹಾಗಾಗಿ ಹುಟ್ಟು ನನ್ನ ಕೈಗೆ ಬಂತು. ಅವರು ಮುಂದೆ ಕೂತು ನೀರು ನೋಡುತ್ತಿದ್ದರು, ನಾನು ಹಿಂದೆ ಕೂತು ಬೈಸಿಕೊಳ್ಳುತ್ತಿದ್ದೆ.

"ಆ ದಡ ನೋಡ್ಕಂಡು ಹುಟ್ಟು ಹಾಕ್ಬೇಡ ಕಣ್ಲಾ. ದಡ ಎಲ್ಗೂ ಓಡೋಗಲ್ಲ. ಮೂತಿ ಮ್ಯಾಲಕ್ಕಿಡು."

ಹೊಳೆ ದಾಟುವುದೆಂದರೆ ಎದುರು ದಡಕ್ಕೆ ನೇರ ಹೋಗುವುದಲ್ಲ. ಮೊದಲು ದಂಡೆ ಪಕ್ಕದ ನಿಧಾನ ನೀರಿನಲ್ಲೇ ಸಾಕಷ್ಟು ಮೇಲಕ್ಕೆ ಹೋಗಬೇಕು. ಆಮೇಲೆ ಮೂತಿಯನ್ನು ಹರಿವಿಗೆ ಎದುರಾಗಿ, ತುಸು ಓರೆಯಾಗಿ ಹಿಡಿದು ಹುಟ್ಟು ಹಾಕುತ್ತಿದ್ದರೆ ಹೊಳೆಯೇ ಅಡ್ಡಕ್ಕೆ ತಳ್ಳುತ್ತದೆ. ಓರೆ ಹೆಚ್ಚಾದರೆ ದೋಣಿ ತಿರುಗಿಕೊಂಡು ಕೆಳಕ್ಕೆ ಕೊಚ್ಚಿ ಹೋಗುತ್ತದೆ. ಕಡಿಮೆಯಾದರೆ ಬೆವರು ಮಾತ್ರ, ದೋಣಿ ಇದ್ದಲ್ಲೇ. ಮೊದಲ ದಿನ ನಾವು ಬಿದಿರ ಮೆಳೆಯೊಂದಕ್ಕೆ ಅಡ್ಡಡ್ಡಲಾಗಿ ಹೋಗಿ ಬಡಿದೆವು. ನಾನು ಹೆದರಿ ಮೆಳೆಯಿಂದ ಆಚೆಗೆ ವಾಲಿದೆ. ಹರಿವಿನ ಕಡೆಯ ಅಂಚು ತಗ್ಗಿ ನೀರು ಒಳಗೆ ನುಗ್ಗಿತು.

"ಮೆಳೆ ಕಡೀಕೆ ವಾಲ್ಲಾ, ಮೆಳೆ ಕಡೀಕೆ. ಒಂದೇ ಮನೇಲಿ ಎರಡು ತಿಥಿ ಮಾಡ್ಸಬೇಕಂತಿದೀಯಾ?"

ಹೆಣ ತಂಗುವ ಜಾಗಗಳೇ ದೋಣಿಗೂ ಆಸರೆ. ತಿರುವಿನ ಒಳಗಡೆ, ಬಂಡೆಯ ಹಿಂದೆ, ನೀರು ಹಿಂದಕ್ಕೆ ತಿರುಗುವ ಕಡೆ. ದಿನವೂ ಅಂಥ ಜಾಗದಿಂದ ಅಂಥ ಜಾಗಕ್ಕೆ ಹೋಗುತ್ತಿದ್ದೆವು. ಕೈ ಪಳಗುತ್ತಿದ್ದುದು ನನಗೇ ತಿಳಿಯುತ್ತಿತ್ತು. ಹೊಳೆ ನನ್ನ ಮಾತು ಕೇಳುತ್ತಿದೆ ಅನ್ನಿಸಿದಾಗ ಸಂತೋಷವಾಗುತ್ತಿತ್ತು. ಅದು ದೊಡ್ಡಪ್ಪನಿಗೆ ಕಾಣದಿರಲೆಂದು ಮುಖ ಗಂಟಿಕ್ಕಿಕೊಳ್ಳುತ್ತಿದ್ದೆ.

ಹೆಣ ಸಿಗದಿದ್ದರೆ ಹನ್ನೆರಡು ವರ್ಷ ಕಾದು, ಆಮೇಲೆ ದರ್ಭೆಯ ಗೊಂಬೆ ಮಾಡಿ ಸುಡಬೇಕು, ಅಲ್ಲಿಯವರೆಗೂ ಹೆಂಡತಿ ಮುತ್ತೈದೆಯೇ ಎಂದು ಪುರೋಹಿತರು ಅಜ್ಜಿಗೆ ಹೇಳಿಹೋಗಿದ್ದರು. ಅಜ್ಜಿಗೆ ಅದು ಶಾಪದಂತೆ ಕೇಳಿಸಿತು. ಚಿಕ್ಕಮ್ಮನಿಗೆ ಬೇರೆ ಥರ ಕೇಳಿಸಿತ್ತು. ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ನನ್ನನ್ನು ತಡೆದಳು.

"ಅವ್ರು ಬದುಕಿಲ್ಲ ಅಂತ ನಂಗೊತ್ತು ಮಗ. ನಂಗೇನು ತಲೆ ಕೆಟ್ಟಿಲ್ಲ."

ನಾನು ಕೈಲಿದ್ದ ಹುಟ್ಟನ್ನು ಗೋಡೆಗೆ ಒರಗಿಸಿದೆ.

"ಮಗೀಗೆ ಈಗ ಆರು. ಹನ್ನೆರಡು ವರ್ಸದೊಳ್ಗೆ ಅವಳ ಧಾರೆ ಮುಗ್ದಿರ್ತದೆ. ಕುಂಕುಮ ಇಟ್ಕಂಡು ನಾನೂ ಅವಳ ಕೈಮ್ಯಾಲೆ ಹಾಲು ಬುಡ್ತೀನಿ. ಈಗ್ಲೇ ಅವ್ರು ಸಿಕ್ಬುಟ್ರೆ ನನ್ನ ಯಾರು ಮುಂದಕ್ಕೆ ಬುಡ್ತಾರೆ?"

"ನಾನೊಬ್ನೇ ಹೋಗಲ್ವಲ್ಲ ಚಿಕ್ಕಮ್ಮ. ದೊಡ್ಡಪ್ಪ ಇರ್ತಾರೆ."

"ಅವ್ರು ನೋಡ್ತಾರೆ. ದೋಣಿ ನಿನ್ನ ಕೈಲಿರ್ತದೆ."

ಇಷ್ಟು ಒಪ್ಪವಾಗಿ ಅವಳು ಮಾತಾಡಿರಲಾರಳು. ಆರು ಎಂದಳೋ ಏಳು ಎಂದಳೋ ಅದೂ ಗೊತ್ತಿಲ್ಲ. ಆದರೆ ಕೊನೆಯ ಮಾತು ಅವಳದೇ. ಅಂಥದ್ದು ನನಗೆ ಹೊಳೆಯುವುದಿಲ್ಲ.

ನೀರು ಇಳಿಯತೊಡಗಿದ ಮೇಲೆ ಹೆಣ ಸಿಕ್ಕಿತು. ಮೈಸೂರು ದಡದಲ್ಲಿ, ಬಾಗಿದ ಹೊಂಗೆಮರದ ಬೇರುಗಳ ನಡುವೆ. ಗುರುತಿಗೆ ಉಡಿದಾರದ ತಾಯಿತ ಸಾಕಾಯಿತು, ಬೇರೇನನ್ನೂ ನೋಡುವಂತಿರಲಿಲ್ಲ. ದೊಡ್ಡಪ್ಪ ಮೂಗಿಗೆ ಟವೆಲ್ ಕಟ್ಟಿಕೊಂಡರು.

"ಇಲ್ಲೇ ಬುಟ್ರೆ ಆ ರಾಜ್ಯದೋರು ಯಾವ್ದೋ ಅನಾಥ ಹೆಣ ಅಂತ ಮಣ್ಣು ಮಾಡ್ತಾರೆ. ನಮ್ದು ಅಂತ ಹೇಳುದ್ರೆ ಆಸ್ಪತ್ರೆಗೆ ಒಯ್ದು ಕುಯ್ತಾರೆ. ನಮ್ಮ ದಡಕ್ಕೆ ತಕಂಡೋದ್ರೆ ಪಟೇಲ್ರು ಅವ್ರೆ, ಕುಯ್ಯದಂಗೆ ನೋಡ್ಕತಾರೆ." ಆಮೇಲೆ ನನ್ನ ಕಡೆ ತಿರುಗದೆ ಕೇಳಿದರು, "ಭಾರ ಕಟ್ಕಂಡು ದಾಟುಸ್ತೀಯೇನ್ಲಾ?"

ಆಗುವುದಿಲ್ಲ ಎಂದರೆ ಸಾಕಿತ್ತು, ಹೆಣ ಆ ದಡದಲ್ಲೇ ಉಳಿದು ಚಿಕ್ಕಮ್ಮನಿಗೆ ಅವಳ ಹನ್ನೆರಡು ವರ್ಷ ಸಿಗುತ್ತಿತ್ತು. ಅವರು ನಂಬುತ್ತಿದ್ದರು, ಕೆಲವು ದಿನಗಳ ಹಿಂದಾದರೆ ಅದು ನಿಜವೂ ಆಗಿರುತ್ತಿತ್ತು.

ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಏನು ನಡೆಯಿತೆಂದು ನೆನಪಿಲ್ಲ. ಧರ್ಮಸಂಕಟ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಎಷ್ಟು ತಡಕಿದರೂ ಅಂಥದ್ದೇನೂ ಸಿಗುವುದಿಲ್ಲ. ಕೈಗೆ ಮಾತ್ರ ಎಲ್ಲ ನೆನಪಿದೆ. ಕಂಬಳಿಯಲ್ಲಿ ಸುತ್ತಿ ಹಗ್ಗ ಬಿಗಿದದ್ದು. ಹಗ್ಗದ ತುದಿಯನ್ನು ದೋಣಿಯ ಹಿಂದಕ್ಕೆ ಕಟ್ಟಿದರೆ ಮೂತಿ ತಿರುಗಲೊಲ್ಲದೆಂದು ಬಿಚ್ಚಿ, ನಡುವಿನ ಅಡ್ಡಹಲಗೆಗೆ ಕಟ್ಟಿದ್ದು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಎಂದಿಗಿಂತ ಹೆಚ್ಚು ಮೇಲಕ್ಕೆ ಹೋಗಿ ಹರಿವಿಗೆ ಬಿಟ್ಟದ್ದು. ನಡುಹೊಳೆಯಲ್ಲಿ ಭಾರ ಜಗ್ಗಿದಾಗ ಓರೆ ತಗ್ಗಿಸಿ, ತಡೆದು, ಮತ್ತೆ ಕೊಟ್ಟದ್ದು. ದೊಡ್ಡಪ್ಪನ ಬಾಯಿಂದ ಒಂದು ಬೈಗುಳವೂ ಬರಲಿಲ್ಲ. ದೋಣಿ ನಾವು ದಿನವೂ ಹತ್ತಿ ಇಳಿಯುವ ಜಾಗಕ್ಕೇ ಹೋಗಿ ಮುಟ್ಟಿತು. ಅಷ್ಟು ಚೊಕ್ಕವಾಗಿ ನಾನು ಆಮೇಲೆಂದೂ ಹೊಳೆ ದಾಟಿಲ್ಲ.

ಚಿಕ್ಕಮ್ಮ ಗದ್ದೆಯ ಬದುವಿನ ಮೇಲೆ ನಿಂತಿದ್ದಳು. ಕಂಬಳಿಯ ಕಡೆ ನೋಡಲಿಲ್ಲ, ನನ್ನನ್ನು ನೋಡಿದಳು.

"ಚೆನ್ನಾಗಿ ಕಲ್ತ್ಕಂಡೆ ಕಣಪ್ಪ," ಎಂದಳು.

ಅಜ್ಜಿ ಬಂದು ಅವಳ ಮೊಣಕೈ ಹಿಡಿದು ಮನೆಯ ಹಿಂದಕ್ಕೆ ಕರೆದುಕೊಂಡು ಹೋದಳು. ಬಳೆ ಒಡೆಯುವ ಸದ್ದು ಕೇಳಿಸಿತೆಂದು ನಾನು ಹೇಳಬಹುದು, ಆದರೆ ಹೊಳೆಯ ಸದ್ದಿನಲ್ಲಿ ಅದು ಕೇಳಿಸಿರುವುದು ಸಾಧ್ಯವಿಲ್ಲ.

ಚಿಕ್ಕಮ್ಮನ ಮಗಳ ಮದುವೆ ಹನ್ನೆರಡು ವರ್ಷ ತುಂಬುವ ಮೊದಲೇ ಆಯಿತು. ಚಿಕ್ಕಮ್ಮನ ಲೆಕ್ಕ ತಪ್ಪಿರಲಿಲ್ಲ. ಧಾರೆಗೆ ದೊಡ್ಡಪ್ಪ ದೊಡ್ಡಮ್ಮ ನಿಂತರು. ನೆಂಟರೆಲ್ಲ ಸಾಲಾಗಿ ಬಂದು ಹಾಲು ಬಿಟ್ಟರು, ನಾನೂ ಬಿಟ್ಟೆ. ಚಿಕ್ಕಮ್ಮ ಒಳಬಾಗಿಲ ಪರದೆಯ ಹಿಂದಿನಿಂದ ನೋಡುತ್ತಿದ್ದಳು ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ಈಚೆಗೆ ಮಗಳನ್ನೇ ಕೇಳಿದೆ.

"ಪರದೆ ಎಲ್ಲಿತ್ತು ಅಣ್ಣ ನಮ್ಮನೇಲಿ? ಅಮ್ಮ ಹಿತ್ತಲಲ್ಲಿ ಅನ್ನ ಬಸೀತಿದ್ಲು. ಧಾರೆ ಆದ್ಮೇಲೆ ನಾನೇ ಹೋಗಿ ಕಾಲಿಗೆ ಬಿದ್ದೆ. ತಲೆ ಮುಟ್ಟಮ್ಮ ಅಂದ್ರೆ, ಇವತ್ತು ಬೇಡ, ನಾಳೆ ಅಂದ್ಲು."