ಬುತ್ತಿಯಂತೆ ಕಟ್ಟಿದ ತಂತ್ರಾಂಶ

ಗೆಳೆಯರೇ, ಗೆದ್ದೆ! ನಾನೂ ಗೆಳೆಯ ಮಲ್ಲುವೂ ಸೇರಿ ಬರೆದ, ಯಾರು ಬೇಕಾದರೂ ಹಂಚಬಹುದಾದ ಕನ್ನಡ ಟೈಪಿಂಗ್ ತಂತ್ರಾಂಶವನ್ನು ಇವತ್ತು ಸಿಂದಗಿಯ ಶಾಲೆಯೊಂದಕ್ಕೆ ಒಯ್ದಿದ್ದೆವು. ಪರೀಕ್ಷೆಯ ಪ್ರಶ್ನೆಪತ್ರಿಕೆ ಇವತ್ತೇ ಟೈಪ್ ಆಗಬೇಕಿತ್ತು. ‘ಫೈಲ್ ಚಿಕ್ಕದಿರಬೇಕು’ ಎಂದು ಮಲ್ಲು ಹಟ ಹಿಡಿದು ಮಾಡಿದ್ದ, ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕುವ ಇನ್‌ಸ್ಟಾಲರ್, ಉಳಿದ ಫೈಲುಗಳಿಗಾಗಿ ಇಂಟರ್‌ನೆಟ್ ಕೇಳುತ್ತ ನಿಂತುಬಿಟ್ಟಿತು. ಆ ಶಾಲೆಯಲ್ಲಿ ಇಂಟರ್‌ನೆಟ್ ಇರಲಿ, ಫೋನ್ ಲೈನೂ ಇಲ್ಲ! ನಾನು ಬೇಕಾದದ್ದೆಲ್ಲವನ್ನೂ ಒಂದೇ ಫೈಲಿನಲ್ಲಿ ಕಟ್ಟಿದ್ದೆ. ಅದು ಪೆನ್‌ಡ್ರೈವಿನಿಂದಲೇ ಓಡಿತು.

“ಫೈಲ್ ಭಾಳ ದಪ್ಪ ಆತಲೇ,” ಎಂದು ಮಲ್ಲು ಕೊಂಕು ತೆಗೆದ.

ಟೈಪ್ ಮಾಡುತ್ತಿದ್ದ ಶಿಕ್ಷಕಿ ಶಾಂತಾ ಅಕ್ಕೋರು ತಲೆ ಎತ್ತದೆಯೇ ಹೇಳಿದರು: “ಹೊಲಕ್ಕ ಬುತ್ತಿ ಕಟ್ಕೊಂಡು ಹೊಂಟಾಕಿ, ಅಲ್ಲಿ ಒಲಿ ಐತೇನು ಅಂತ ಕೇಳ್ತಾಳೇನ್ರಿ? ಗಂಟು ದೊಡ್ಡದಾದ್ರ ಆಗ್ಲಿ ಬಿಡ್ರಿ.”

ಮರಳುವ ಬಸ್ಸಿನಲ್ಲಿ ಮಲ್ಲು ಉಳಿದ ಶಾಲೆಗಳ ಮಾತು ತೆಗೆದು, “ಎಲ್ಲಾ ಸಾಲಿಗೂ ನಿನ್ನ ಫೈಲನ್ನ ಕೊಡೂಣು,” ಎಂದ. ನಾನು ಕೇಳಿಸದವನಂತೆ ಕುಳಿತು, ನಮ್ಮೂರು ಬಾಗೇವಾಡಿ ಬರುವವರೆಗೆ ಮೂರು ಸಲ ಹೇಳಿಸಿಕೊಂಡೆ.