ತವರಿಗೆ ಬಂದವಳು ಯಾವ ಊರಿನವಳು?

‘ಹೆರಿಗೆಗೆ ಬರುವವರು ಇಲ್ಲದ ಕಾರಣ ಈ ಕೋಣೆಯನ್ನು ಮುಚ್ಚಲಾಗಿದೆ.’

ನಮ್ಮೂರಿನ ಸರ್ಕಾರಿ ದವಾಖಾನೆಯಲ್ಲಿ, ಹೆರಿಗೆ ಕೋಣೆಯ ಬಾಗಿಲಿಗೆ ಅಂಟಿಸಿದ್ದ ಈ ಕಾಗದವನ್ನು ನಾನು ಗಟ್ಟಿಯಾಗಿ ಓದಿದೆ. ಓದಿಸಿದವಳು ನೆರೆಮನೆಯ ಖೈರೂನ್‌ಬಿ. ಪಕ್ಕದ ಬೆಂಚಿನ ಮೇಲೆ ಅವಳ ಮಗಳು ರಿಜ್ವಾನಾ ಕುಳಿತಿದ್ದಳು. ಎಂಟು ತಿಂಗಳು ತುಂಬಿತ್ತು.

“ಯಾರೂ ಬರಂಗಿಲ್ಲಂತೇನ್ರಿ ಕಾಕಾ?” ಖೈರೂನ್‌ಬಿ ಸೊಂಟದ ಮೇಲೆ ಕೈಯಿಟ್ಟಳು. “ಹಂಗಾದ್ರ ನನ್ ಮಗಳ ಹೊಟ್ಟ್ಯಾಗ ಇರೋದೇನು, ಕಲ್ಲಂಗಡಿ ಹಣ್ಣೇನ್ರಿ?”

ರಿಜ್ವಾನಾ ನಾಚಿ ತಾಯಿಯ ಸೆರಗು ಜಗ್ಗಿದಳು. ನನಗೆ ನಗು ಬಂತು. ಆದರೆ ಖೈರೂನ್‌ಬಿ ನಗುತ್ತಿರಲಿಲ್ಲ.

ನಗುವಂಥದ್ದೂ ಆಗಿರಲಿಲ್ಲ. ಹೋದ ಮಳೆಗಾಲದಲ್ಲಿ ನಮ್ಮ ಓಣಿಯ ಒಬ್ಬ ಹೆಣ್ಣುಮಗಳು ಕಲಬುರಗಿಗೆ ಹೋಗುವಾಗ ಚೌಡಾಪುರದ ಹತ್ತಿರ ರಸ್ತೆಯ ಬದಿಯಲ್ಲಿ, ನಿಂತ ಆಂಬುಲೆನ್ಸಿನಲ್ಲೇ ಹಡೆದಳು. ತಾಯಿ, ಕೂಸು ಇಬ್ಬರೂ ಉಳಿದರು. ಅವರ ಜೊತೆಗಿದ್ದವಳು ಖೈರೂನ್‌ಬಿ. ಅಂದಿನಿಂದ ಅವಳು ಆ ರಸ್ತೆಯ ಹೆಸರೆತ್ತಲೂ ಬಿಡುವುದಿಲ್ಲ. ಈಗ ಮಗಳ ಸರದಿ. ಊರ ಕೋಣೆಗೆ ಬೀಗ.

ಯಾಕೆ ಮುಚ್ಚಿದರು? ಸರ್ಕಾರದ ಉತ್ತರ ಬಾಗಿಲ ಮೇಲೆಯೇ ಇತ್ತು. ಚಹಾದ ಹೋಟೆಲಿನ ಉತ್ತರ ಬೇರೆ: ಖಾಸಗಿ ದವಾಖಾನೆಯವರು ಸೇರಿ ಮುಚ್ಚಿಸಿದ್ದಾರೆ.

ಬಾಗಿಲಿನ ಉತ್ತರವನ್ನು ನಾನು ನಂಬಲಿಲ್ಲ. (ಬರೆದದ್ದನ್ನೆಲ್ಲ ನಂಬುವ ಅಭ್ಯಾಸ ನನಗಿಲ್ಲ, ನನ್ನ ಮನೆಯ ಗೋಡೆಗೆ ಎರಡು ಕ್ಯಾಲೆಂಡರ್ ಇವೆ, ಒಂದರ ತಾರೀಖನ್ನು ಇನ್ನೊಂದರಲ್ಲಿ ತಾಳೆ ನೋಡಲು.) ಹೋಟೆಲಿನ ಉತ್ತರವನ್ನು ಮಾತ್ರ ನಂಬಿ, ಅರ್ಜಿ ಬರೆಯಲು ಕುಳಿತೆ. ಎರಡನೆಯ ಪ್ಯಾರಾಕ್ಕೆ ಬಂದಾಗ ಸಾಕ್ಷಿ ಎಲ್ಲಿ ಎಂದು ನನ್ನನ್ನೇ ಕೇಳಿಕೊಂಡೆ. ಇರಲಿಲ್ಲ. ಕಾಗದ ಹರಿದು, ಖೈರೂನ್‌ಬಿಯನ್ನು ಕರೆದುಕೊಂಡು ಆಶಾ ಕಾರ್ಯಕರ್ತೆ ಮಹಾದೇವಿಯ ಮನೆಗೆ ಹೋದೆ.

ಮಹಾದೇವಿ ನೇರ ಹೆಣ್ಣುಮಗಳು. ನಡೆದದ್ದನ್ನು ಹೇಳಿದಳು. ಇಲ್ಲಿನ ನರ್ಸನ್ನು ಕೆಲವು ತಿಂಗಳ ಮಟ್ಟಿಗೆಂದು ಬೇರೆ ಕಡೆಗೆ ಕಳುಹಿಸಿದರು. ಆಮೇಲೆ, ಮರಳಿ ಕಳುಹಿಸಬೇಕೇ ಬೇಡವೇ ಎಂದು ನೋಡಲು ಊರಿನ ಗರ್ಭಿಣಿಯರ ಪಟ್ಟಿ ತೆಗೆದರು. ಪಟ್ಟಿಯಲ್ಲಿದ್ದವರು ಎಲ್ಲಿ ಹಡೆದರು? ಒಬ್ಬಳು ಆಳಂದದಲ್ಲಿ. ಇನ್ನೊಬ್ಬಳು ಕಡಗಂಚಿಯ ತವರಿನಿಂದ ಕಲಬುರಗಿಗೆ ಹೋಗಿ. ಮತ್ತೊಬ್ಬಳು ಜೇವರ್ಗಿಯಲ್ಲಿ. ನಮ್ಮೂರಿನಲ್ಲಿ ಯಾರೂ ಇಲ್ಲ. ಅಂದಮೇಲೆ ಇಲ್ಲಿ ಕೋಣೆ ಯಾಕೆ?

ಪಟ್ಟಿಯನ್ನು ಕೈಯಲ್ಲಿ ಹಿಡಿದು ನಾನೂ ಯೋಚಿಸಿದೆ. ಇವರೆಲ್ಲ ನಮ್ಮ ದವಾಖಾನೆಯನ್ನು ಬಿಟ್ಟು ಹೋದದ್ದೇಕೆ? ಇಲ್ಲಿನ ಸೇವೆ ಅಷ್ಟು ಕೆಟ್ಟಿತ್ತೇ?

ಖೈರೂನ್‌ಬಿಗೆ ಓದಲು ಬಾರದು. “ಹೆಸರು ಓದ್ರಿ ಕಾಕಾ,” ಎಂದಳು. ನಾನು ನಾಲ್ಕು ಹೆಸರು ಓದುವಷ್ಟರಲ್ಲಿ ಹಣೆ ಬಡಿದುಕೊಂಡಳು.

“ಅಯ್ಯ, ಇವ್ರೆಲ್ಲಾ ಸೊಸೆಂದ್ರು ಅದಾರ್ರಿ! ಪಹಿಲಾ ಬಾಣಂತನಕ್ಕ ತಮ್ಮ ತವರಿಗಿ ಹೋಗ್ಯಾರ. ನನ್ ಮಗಳು ಗಂಡನ ಊರು ಅಂದೋಲಾದಿಂದ ನನ್ ಮನಿಗಿ ಬಂದಂಗ. ನಿಮ್ಮ ಮೂರು ಹೆಣ್ಣುಮಕ್ಕಳೂ ಇಲ್ಲೇ ಹಡದ್ರಲ್ರಿ, ಮರ್ತ್ರೇನು?”

ಮರೆತಿರಲಿಲ್ಲ. ಹೊಳೆದಿರಲಿಲ್ಲ, ಅಷ್ಟೇ. ಇಷ್ಟು ವರ್ಷ ಎಲ್ಲವನ್ನೂ ಪರೀಕ್ಷಿಸಿ ನೋಡುತ್ತೇನೆಂದು ಬೀಗಿದವನು ನಾನು.

“ತಾಯಿ ಕಾರ್ಡ್ ಗಂಡನ ಊರಾಗ ಆಗಿರ್ತದ್ರಿ,” ಎಂದಳು ಮಹಾದೇವಿ. “ತವರಿಗಿ ಬಂದೋರ್ನ ನಾ ನೋಡ್ಕೋತೇನಿ. ಖರೇ ಅಂದ್ರ, ಅವ್ರ ಹೆಸರು ನನ್ ಪಟ್ಟ್ಯಾಗ ಬರಂಗಿಲ್ಲ.”

ಗಮನಿಸಿ. ಪಟ್ಟಿಯಲ್ಲಿ ಇರುವವರು ಹೆರಿಗೆಯ ಹೊತ್ತಿಗೆ ಊರಲ್ಲಿ ಇರುವುದಿಲ್ಲ. ಊರಲ್ಲಿ ಇರುವವರು ಪಟ್ಟಿಯಲ್ಲಿ ಇರುವುದಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮಲ್ಲಿ ಹಿಂದೂಗಳಿಗೂ ಮುಸಲ್ಮಾನರಿಗೂ ಒಂದೇ ರೀತಿಯ ಪದ್ಧತಿ. ಎಲ್ಲರಿಗೂ ಗೊತ್ತಿರುವ ಈ ಸಂಗತಿಯನ್ನು ಪಟ್ಟಿಯ ಮುಂದೆ ಕುಳಿತಾಗ ಮಾತ್ರ ಯಾರೂ ನೆನೆಯಲಿಲ್ಲ. ಮುಚ್ಚಿಸಿದ ವೈರಿ ಯಾರೂ ಇರಲಿಲ್ಲ. ಅದನ್ನು ಒಪ್ಪಿಕೊಳ್ಳುವುದು ಹೋಟೆಲಿಗೆ ಇಂದಿಗೂ ಕಷ್ಟವಾಗಿದೆ.

ಮರುದಿನದಿಂದ ನಾವು ಮೂವರೂ ಮನೆಮನೆಗೆ ಹೋದೆವು. ಕೇಳಿದ್ದು ಒಂದೇ ಪ್ರಶ್ನೆ: ಮಗಳು ಬಂದಾಳೇನ್ರಿ?

“ಯಾಕ್ರಿ ಮಾಸ್ತರ? ಮಗಳು ಬಂದ್ರ ರೇಷನ್ ಕಟ್ ಮಾಡ್ತಾರೇನು?” ಎಂದು ಊರ ಅಗಸಿ ಬಾಗಿಲ ಹತ್ತಿರದ ಅಜ್ಜಿಯೊಬ್ಬಳು ಬಾಗಿಲಿಗೆ ಅಡ್ಡ ನಿಂತಳು. (ನಾನು ಮಾಸ್ತರನಲ್ಲ. ಶಾಲೆಯನ್ನು ನಾಲ್ಕನೆಯ ಇಯತ್ತೆಗೇ ಬಿಟ್ಟವನು. ಕೈಯಲ್ಲಿ ಪೆನ್ನು ಕಂಡರೆ ನಮ್ಮಲ್ಲಿ ಮಾಸ್ತರ.) ವಿಷಯ ತಿಳಿದ ಮೇಲೆ ಅದೇ ಅಜ್ಜಿ ಚಹಾ ಕುಡಿಸಿ, ಒಳಗೆ ಮಲಗಿದ್ದ ಮೊಮ್ಮಗಳನ್ನು ಎಬ್ಬಿಸಿ ಹೆಸರು ಬರೆಸಿದಳು.

ತಾಲ್ಲೂಕು ಆರೋಗ್ಯಾಧಿಕಾರಿ ಬರುವ ದಿನ ತಾಯಂದಿರು ತಮ್ಮ ತಮ್ಮ ಹೆಣ್ಣುಮಕ್ಕಳನ್ನು ಕರೆತಂದು ದವಾಖಾನೆಯ ಪಡಸಾಲೆಯಲ್ಲಿ ಕೂರಿಸಿದರು. ಘೋಷಣೆ ಇಲ್ಲ, ಬ್ಯಾನರ್ ಇಲ್ಲ. ಬೆಂಚು ಸಾಲದೆ ಕೆಲವರು ಕಾಲು ಚಾಚಿ ನೆಲದ ಮೇಲೆ ಕುಳಿತರು. ಅಧಿಕಾರಿ ಹೆಣ್ಣುಮಗಳು. ಒಳಗೆ ಬಂದವರು ನಿಂತುಬಿಟ್ಟರು. ನಾನು ಮೊದಲು ಬಾಗಿಲಿನ ಕಾಗದವನ್ನು ಓದಿದೆ, ಆಮೇಲೆ ನಮ್ಮ ಪಟ್ಟಿಯನ್ನು.

ಅವರು ಪಟ್ಟಿಯನ್ನು ಕೈಗೆ ತೆಗೆದುಕೊಂಡು ನೋಡಿದರು. ಕೊನೆಗೆ ರಿಜ್ವಾನಾಳ ಪಕ್ಕದಲ್ಲಿ ಕುಳಿತು, “ನಂದೂ ಪಹಿಲಾ ಬಾಣಂತನ ತವರಾಗೇ ಆತು ನೋಡ್ರಿ,” ಎಂದರು. “ನನ್ನ ಹೆಸರು ಯಾವ ಊರಿನ ಪಟ್ಟ್ಯಾಗ ಇತ್ತೋ ಏನೋ!”

ಎರಡು ವಾರದಲ್ಲಿ ನರ್ಸ್ ಮರಳಿ ಬಂದರು. ಬೀಗ ತೆಗೆದಾಗ ಒಳಗಿನ ಮಂಚದ ಮೇಲೆ ಬೆರಳು ಹೂತುಹೋಗುವಷ್ಟು ಧೂಳು. ಒರೆಸಿದವರು ಹೆಣ್ಣುಮಕ್ಕಳ ತಾಯಂದಿರೇ. ಕಠಿಣ ಹೆರಿಗೆಗಳು ಈಗಲೂ ಕಲಬುರಗಿಗೆ ಹೋಗಬೇಕು; ಹೋಗಲಿ, ಅದು ಸರಿ. ಆದರೆ ಸಹಜ ಹೆರಿಗೆಗೂ ರಸ್ತೆ ಅಳೆಯಬೇಕೇ? ಬಾಗಿಲು ಮುಚ್ಚಿದರೆ ಜನರ ಕಾಲು ಬೇರೆ ಕಡೆಗೆ ತಿರುಗುತ್ತದೆ. ಆಮೇಲೆ, ‘ನೋಡಿ, ಜನರೇ ಬರುವುದಿಲ್ಲ’ ಎಂದು ಬರೆಯುವುದು ಬಹಳ ಸುಲಭ.

ಕಳೆದ ಸೋಮವಾರ ಮಧ್ಯಾಹ್ನ ರಿಜ್ವಾನಾ ಆ ಕೋಣೆಯಲ್ಲೇ ಹಡೆದಳು. ಹೆಣ್ಣು ಕೂಸು. ನರ್ಸ್ ರಿಜಿಸ್ಟರ್ ತೆಗೆದು, ಬಾಣಂತಿಯ ಊರು ಯಾವುದೆಂದು ಕೇಳಿದರು.

“ಅಂದೋಲಾ ಬರಿರಿ,” ಎಂದಳು ಖೈರೂನ್‌ಬಿ, ಕೂಸನ್ನು ಎದೆಗವಚಿಕೊಂಡು. “ಅದರ ಬಾಜೂಕ ನಮ್ಮೂರನೂ ಬರಿರಿ.”

ನರ್ಸ್ ಎರಡನ್ನೂ ಬರೆದರು. ಜಾಗ ಸಾಕಾಯಿತು.

ನಿಮ್ಮೂರಿನಲ್ಲಿಯೂ ಯಾವುದೋ ಬಾಗಿಲಿಗೆ ‘ಯಾರೂ ಬರುವುದಿಲ್ಲ’ ಎಂಬ ಕಾಗದ ಅಂಟಿಸಿರಬಹುದು. ಅದನ್ನು ಬರೆಯುವ ಮೊದಲು ಯಾರಾದರೂ ಮನೆಗೆ ಬಂದು, ಮಗಳು ಬಂದಾಳೇನ್ರಿ ಎಂದು ಕೇಳಿದ್ದರೇ?