ನಾಲ್ಕನೇ ತಟ್ಟೆ

ನಮ್ಮ ಮನೆಯಲ್ಲಿ ಡಿಗ್ರಿ ಅನ್ನುವುದು ಆಗದ ಮಾತು ಅಂದವನು ನನ್ನ ಸೋದರಮಾವ ಪಾಲಯ್ಯ. ಆಗುತ್ತೆ ಅಂದವಳು ನನ್ನನ್ನು ಸಾಕಿದ ದೊಡ್ಡವ್ವ ತಿಪ್ಪಮ್ಮ. ನಾನು ಮುಗಿಸಿದೆ — ನಮ್ಮ ವಂಶದಲ್ಲೇ ಮೊದಲನೆಯವಳಾಗಿ, ಪ್ರಥಮ ದರ್ಜೆಯಲ್ಲಿ. ಆದರೆ ಕೊನೇ ವರ್ಷದ ಪ್ರಾಜೆಕ್ಟಿನಲ್ಲಿ ಒಂದು ಸುಳ್ಳು ಬರೆದೆ. ದೊಡ್ಡವ್ವನ ಮನೆಯ ಬೂಷ್ಟನ್ನು ಮುಚ್ಚಿಟ್ಟೆ. ಆ ಸುಳ್ಳನ್ನು ನಂಬಿ ಅವಳು ಮತ್ತೆ ಎರಡು ವರ್ಷ ಅದೇ ಮಗ್ಗದ ಗುಂಡಿಯಲ್ಲಿ ಕೂತಳು. ಹೆಸರಿನ ಮುಂದೆ ಬಿ.ಎಸ್ಸಿ. ಅಂತ ಬರೆಯುವಾಗಲೆಲ್ಲ ನನಗೆ — ಇರಲಿ, ಮೊದಲಿನಿಂದ ಹೇಳುತ್ತೇನೆ.

ನಮ್ಮೂರು ಮೊಳಕಾಲ್ಮುರು, ಕಸುಬು ರೇಷ್ಮೆ ಸೀರೆ ನೇಯುವುದು. ನಮ್ಮದು ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. “ಗುಂಡಿಯಾಗೆ ಕಾಲು ಬಿಟ್ಕೊಂಡೇ ಹುಟ್ಟಿದೋರು ನಾವು, ನೀನೇನು ಮ್ಯಾಲಕ್ಕೆ ಹಾರ್ತೀಯಾ?” — ಪಾಲಯ್ಯ ಮಾವ ಅಂದದ್ದು ಇದೇ ಮಾತನ್ನು. ನಮ್ಮ ಸೀಮೆಯ ಗಾಳಿ ಒಣಗಾಳಿ, ಅದಕ್ಕೆ ಸಿಕ್ಕಿದರೆ ರೇಷ್ಮೆ ಎಳೆ ಪಟಪಟನೆ ಕಿತ್ತುಹೋಗುತ್ತದೆ. ಅದಕ್ಕೇ ದೊಡ್ಡವ್ವ ದಿನಾ ಬೆಳಿಗ್ಗೆ ಗುಂಡಿಯ ಸುತ್ತ ನೀರು ಚಿಮುಕಿಸುತ್ತಿದ್ದಳು, ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟುತ್ತಿದ್ದಳು. ಹೊರಗೆ ಜಾಲಿ ಗಿಡವೂ ಬಾಡುವ ಬಿಸಿಲು, ಒಳಗೆ ವರ್ಷವಿಡೀ ಹಸಿ. ಗುಂಡಿಯ ಗೋಡೆಯಲ್ಲಿ ಕಪ್ಪು ಮಚ್ಚೆ ಎದ್ದಾಗ ಅವಳು ಸುಣ್ಣ ಬಳಿಯುತ್ತಿದ್ದಳು. ಎರಡು ತಿಂಗಳಿಗೆ ಮತ್ತೆ ಕಪ್ಪು, ಮತ್ತೆ ಸುಣ್ಣ.

ಆ ಹಸಿ ನನ್ನ ಬಟ್ಟೆಗೂ ಹತ್ತಿತ್ತು. ಚಳ್ಳಕೆರೆಯ ಕಾಲೇಜಿಗೆ ಸೇರಿದ ಮೊದಲ ವಾರವೇ ಹಿಂದಿನ ಬೆಂಚಿನ ಒಬ್ಬಳು ಕೇಳಿದಳು: “ಏನೇ, ದಿನಾ ಆಗುಂಬೆಯಿಂದ ಬರ್ತೀಯಾ? ಒದ್ದೆ ಗೋಣಿ ವಾಸನೆ ಹೊಡಿತೈತೆ.” ಎಲ್ಲರೂ ನಕ್ಕರು. ನಾನೂ ನಕ್ಕೆ. ಮೂರು ವರ್ಷ ಬಸ್ಸಿಳಿದ ಕೂಡಲೇ ಕತ್ತಿಗೆ ಪೌಡರ್ ಹಾಕಿಕೊಂಡೇ ಕ್ಲಾಸಿಗೆ ಹೋದೆ.

ಪ್ರಾಜೆಕ್ಟಿನ ವಿಷಯ ಮೇಡಂ ಕೊಟ್ಟದ್ದು: ಮನೆಗಳಲ್ಲಿ ಬೆಳೆಯುವ ಬೂಷ್ಟು. ಐದು ಮನೆ, ಐದು ತಟ್ಟೆ. ಗಾಜಿನ ಪುಟ್ಟ ತಟ್ಟೆಯಲ್ಲಿ ಬೂಷ್ಟಿಗೆ ಆಹಾರವಾಗುವ ಗಂಜಿಯಂಥದ್ದನ್ನು ಗಟ್ಟಿ ಮಾಡಿ, ಅರ್ಧ ಗಂಟೆ ತೆರೆದಿಟ್ಟು, ಮುಚ್ಚಿ, ಐದು ದಿನ ಬಿಡಬೇಕು. ಗಾಳಿಯಲ್ಲಿದ್ದದ್ದು ಅದರ ಮೇಲೆ ಕೂತು ಚುಕ್ಕೆಚುಕ್ಕೆಯಾಗಿ ಬೆಳೆಯುತ್ತದೆ. ಚುಕ್ಕೆ ಎಣಿಸಿ, ಬಣ್ಣ ನೋಡಿ, ಒಂದೊಂದು ಮನೆಗೂ ಫಲಿತಾಂಶದ ಹಾಳೆ ಬರೆದುಕೊಡಬೇಕು — ಕಾಲೇಜಿನ ಸೀಲು ಹಾಕಿ.

ನಾಲ್ಕನೇ ತಟ್ಟೆ ನಮ್ಮ ಮನೆಯದು. ಅದನ್ನು ಗುಂಡಿಯ ಅಂಚಿನಲ್ಲಿ ತೆರೆದಿಟ್ಟಾಗ ದೊಡ್ಡವ್ವ ಕೆಮ್ಮು ಬಂದರೂ ಬಾಯಿಗೆ ಸೆರಗು ಒತ್ತಿ ಹಿಡಿದಳು, ನನ್ನ ಪರೀಕ್ಷೆ ಕೆಟ್ಟೀತು ಅಂತ. ಅರ್ಧ ಗಂಟೆ ಹಾಗೇ ಕೂತಿದ್ದಳು.

ಐದನೇ ದಿನ ಲ್ಯಾಬಿನಲ್ಲಿ ಉಳಿದ ತಟ್ಟೆಗಳಲ್ಲಿ ಎಣಿಸುವಷ್ಟು ಚುಕ್ಕೆ. ನಮ್ಮದರಲ್ಲಿ ಎಣಿಸಲು ಜಾಗವೇ ಇರಲಿಲ್ಲ — ಕಪ್ಪು, ಹಸಿರು, ಬೂದು, ಮುಚ್ಚಳಕ್ಕೆ ಮುಟ್ಟುವ ಹಾಗೆ ಕೂದಲುಕೂದಲಾಗಿ. ಮರುದಿನ ಎಲ್ಲರ ತಟ್ಟೆಗಳನ್ನೂ ಮನೆಯ ಹೆಸರಿನ ಚೀಟಿ ಅಂಟಿಸಿ ಮೇಜಿನ ಮೇಲೆ ಸಾಲಾಗಿ ಇಡುವವರಿದ್ದರು. ಹಿಂದಿನ ಬೆಂಚಿನವಳೂ ನೋಡುತ್ತಾಳೆ. ನನ್ನ ಮೂರು ವರ್ಷದ ಪೌಡರ್ —

ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ಆ ತಟ್ಟೆಯನ್ನು, ಬೂಷ್ಟು ಸಾಯಲೆಂದು ಲ್ಯಾಬಿನ ಕುಕ್ಕರಿನಲ್ಲಿ ಬೇಯಿಸಿ, ಎಸೆದೆ. ನನ್ನ ತಟ್ಟೆ ಒಡೆದಿದೆ ಅಂತ ಮೇಡಂಗೆ ಹೇಳಿ ಒಂದು ವಾರ ಕೇಳಿಕೊಂಡೆ. ಹೊಸ ತಟ್ಟೆಯನ್ನು ಗೆಳತಿ ಶಾಹೀನಾಳ ಮನೆಯ ಮಹಡಿಯಲ್ಲಿ ಇಟ್ಟೆ. ಅವಳ ಅಬ್ಬಾ ಲಾರಿ ಮೆಕ್ಯಾನಿಕ್, ಆಗಷ್ಟೇ ಕಟ್ಟಿಸಿದ ಮನೆ, ನಾಲ್ಕು ಕಡೆ ಕಿಟಕಿ. “ನಮ್ಮನೇದು ಆಗಲೇ ಆಯ್ತಲ್ಲೇ?” ಅಂದಳು ಶಾಹೀನಾ. ಇನ್ನೊಮ್ಮೆ ಬೇಕಂತೆ ಅಂದೆ. ಅವಳಿಗೂ ಸುಳ್ಳೇ ಹೇಳಿದ್ದು. ಬಂದದ್ದು ಮೂರು ಚುಕ್ಕೆ. ಚೀಟಿಯಲ್ಲಿ ಬರೆದೆ: ಮೊಳಕಾಲ್ಮುರು, ಮಗ್ಗದ ಮನೆ.

ಹಾಳೆ ಇಂಗ್ಲಿಷಿನಲ್ಲಿತ್ತು. ಸೀಲಿನ ಮೇಲೆ ಬೆರಳಾಡಿಸಿ, ಓದಿ ಹೇಳೆಂದಳು ದೊಡ್ಡವ್ವ. ಕನ್ನಡ ಮಾಡಿ ಹೇಳಿದೆ — ಈ ಮನೆಯಲ್ಲಿ ಬೂಷ್ಟು ಬಹಳ ಕಡಿಮೆ, ಭಯವಿಲ್ಲ. ಅವಳಿಗೆ ಓದು ಬಾರದು. ಆದರೆ ಸೀರೆಯ ಅಂಚಿನಲ್ಲಿ ಎಳೆ ತಪ್ಪಿದರೆ ಹಿಡಿಯುವ ಕಣ್ಣು.

“ಕೆಳಗೆ ಇನ್ನೂ ಎರಡು ಸಾಲು ಐತಲ್ಲೇ?”

“ಅದು ಸಹಿ ಹಾಕೋ ಜಾಗ, ಬಿಡು ದೊಡ್ಡವ್ವ.”

ಆ ಎರಡು ಸಾಲು: ಈ ತಟ್ಟೆಯನ್ನು ಈ ಮನೆಯಲ್ಲೇ ತೆರೆದಿಟ್ಟಿದ್ದೇನೆ. ಬರೆದದ್ದೆಲ್ಲ ಸತ್ಯ.

ಅವಳು ಆ ಹಾಳೆಗೆ ಗಾಜಿನ ಕಟ್ಟು ಹಾಕಿಸಿ ಮಗ್ಗದ ಎದುರಿನ ಗೋಡೆಗೆ ನೇತುಹಾಕಿದಳು. ಸುಣ್ಣ ಬಳಿಯುವುದನ್ನು ಬಿಟ್ಟಳು — ಕಾಲೇಜಿನವರೇ ಭಯವಿಲ್ಲ ಅಂದ ಮೇಲೆ ಯಾಕೆ? ನಾನು ಪಾಸಾದ ಸುದ್ದಿಯನ್ನು ಪಾಲಯ್ಯ ಮಾವ ‘ನಮ್ಮ ಸೊಸೆ’ ಅನ್ನುತ್ತಾ ಊರೆಲ್ಲ ಹಂಚಿದ.

ಆರು ತಿಂಗಳಿಗೆ ಕೆಮ್ಮು ಜಾಸ್ತಿಯಾಗಿ ಅವಳನ್ನು ಚಳ್ಳಕೆರೆಗೆ ಕರೆದುಕೊಂಡು ಹೋದೆ. ಮನೆಯಲ್ಲಿ ತೇವ, ಬೂಷ್ಟು ಏನಾದರೂ ಇದೆಯೇ ಅಂತ ಡಾಕ್ಟರು ಕೇಳಿದರು. ದೊಡ್ಡವ್ವ ಚೀಲದಿಂದ ಆ ಕಟ್ಟು ತೆಗೆದಳು. ಬಿಸಿಲಿನಲ್ಲಿ, ತುಂಬಿದ ಬಸ್ಸಿನಲ್ಲಿ, ಸೀರೆಯಲ್ಲಿ ಸುತ್ತಿ ತಂದಿದ್ದಳು.

“ಇಲ್ಲ ಸಾರ್. ನಮ್ಮ ಹುಡುಗಿನೇ ಟೆಸ್ಟ್ ಮಾಡೈತೆ. ನೋಡ್ರಿ, ಸೀಲು.”

ಡಾಕ್ಟರು ನನ್ನ ಕಡೆ ತಿರುಗಿದರು. “ನೀವೇನಾ ಮಾಡಿದ್ದು?”

“ಹೌದು ಸರ್.”

ತಟ್ಟೆ ಬದಲಿಸಿದ್ದು ಹುಡುಗಾಟಿಕೆ ಅಂತ ಯಾರಾದರೂ ಅಂದಾರು. ಈ ‘ಹೌದು ಸರ್’ಗೆ ಏನು ಅನ್ನುತ್ತೀರಿ? ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆದರೆ ಸಾಕಿತ್ತು. ಅವರು ಕಟ್ಟು ಹಿಂದಕ್ಕೆ ಕೊಟ್ಟು, ಒಲೆಯ ಹೊಗೆ ಇರಬೇಕು ಅಂತ ಔಷಧಿ ಬರೆದರು. ಅವಳು ಮನೆಗೆ ಬಂದು ಮತ್ತೆ ಗುಂಡಿಗೆ ಇಳಿದಳು. ಎರಡು ವರ್ಷ. ಕೊನೆಗೆ ಮಗ್ಗ ತುಳಿಯಲು ಉಸಿರು ಸಾಲದಾಯಿತು. ಈಗ ಹೊಸ್ತಿಲ ಬಳಿ ಕೂತು ಬೇರೆಯವರಿಗೆ ನೂಲು ಸುತ್ತಿಕೊಡುತ್ತಾಳೆ, ನಾಲ್ಕು ಮಾತಿಗೊಮ್ಮೆ ನಿಲ್ಲುತ್ತಾಳೆ. ಎಲ್ಲವೂ ಬೂಷ್ಟಿನಿಂದಲೇ ಆಯಿತೆಂದು ಹೇಳುವಷ್ಟು ನಾನು ಓದಿಲ್ಲ. ಹೊಗೆಯೂ ಇತ್ತು, ವಯಸ್ಸೂ ಇತ್ತು. ಆದರೆ ಡಾಕ್ಟರು ಕೇಳಬೇಕಾದದ್ದನ್ನೇ ಕೇಳಿದ್ದರು.

ನಾನೀಗ ಚಳ್ಳಕೆರೆಯ ಒಂದು ಶೇಂಗಾ ಎಣ್ಣೆ ಮಿಲ್ಲಿನ ಲ್ಯಾಬಿನಲ್ಲಿದ್ದೇನೆ. ಶೇಂಗಾಕ್ಕೆ ಬೂಷ್ಟು ಹತ್ತಿದೆಯೇ ನೋಡುವುದು ಕೆಲಸ. ಅನುಮಾನ ಬಂದರೆ ಚೀಲ ವಾಪಸ್, ಯಾರ ಮುಖವನ್ನೂ ನೋಡುವುದಿಲ್ಲ. ತುಂಬಾ ಕಟ್ಟುನಿಟ್ಟು ಹುಡುಗಿ ಅನ್ನುತ್ತಾರೆ. ಹಾಗೆ ಅಂದಾಗಲೆಲ್ಲ ಗೋಡೆಯ ಆ ಕಟ್ಟು —

ಹೋದ ತಿಂಗಳು ಒಂದು ತಟ್ಟೆ ತೆಗೆದುಕೊಂಡು ಊರಿಗೆ ಹೋದೆ. ನಿಜ ಹೇಳಬೇಕೆಂದರೆ ತಟ್ಟೆಯೇ ಬೇಕಿರಲಿಲ್ಲ. ಕಣ್ಣಿಗೆ ಕಾಣುವ, ಮೂಗಿಗೆ ಹೊಡೆಯುವ ಬೂಷ್ಟಿಗೆ ಪರೀಕ್ಷೆ ಯಾಕೆ? ಗುಂಡಿಯ ಗೋಡೆ ಪೂರ್ತಿ ಕಪ್ಪಾಗಿತ್ತು. ಆದರೂ ಅವಳ ಎದುರಿಗೇ ತೆರೆದಿಟ್ಟೆ. ಆ ಅರ್ಧ ಗಂಟೆಯಲ್ಲಿ ಎಲ್ಲ ಹೇಳಿದೆ — ಕುಕ್ಕರು, ಶಾಹೀನಾಳ ಮಹಡಿ, ಬಿಟ್ಟ ಎರಡು ಸಾಲು, ಹೌದು ಸರ್. ಅವಳು ನೂಲು ಸುತ್ತುವುದನ್ನು ನಿಲ್ಲಿಸಲಿಲ್ಲ. ಬೈಯಲಿಲ್ಲ. ಹೊತ್ತಾದಾಗ ಮುದ್ದೆ ಬಡಿಸಿದಳು. ಬಸ್ಸಿಗೆ ಹೊರಟಾಗ ‘ಹುಷಾರು’ ಅನ್ನಲಿಲ್ಲ. ಇಷ್ಟು ವರ್ಷದಲ್ಲಿ ಅನ್ನದೆ ಕಳಿಸಿದ್ದು ಅದೊಂದೇ ಸಲ.

ಮುಂದಿನ ಭಾನುವಾರ ಹಾಳೆ ಬರೆದುಕೊಂಡು ಹೋದೆ, ಈ ಸಲ ಕನ್ನಡದಲ್ಲಿ. ಸೀಲು ಇರಲಿಲ್ಲ, ಕೆಳಗೆ ಅದೇ ಎರಡು ಸಾಲು ಮತ್ತು ನನ್ನ ಸಹಿ ಮಾತ್ರ. ಗೋಡೆಯ ಕಟ್ಟು ಇಳಿಸಿ, ಹಳೇ ಹಾಳೆ ತೆಗೆದು, ಹೊಸದನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಬಾಗಿಲ ಬೆಳಕಿಗೆ ಹಿಡಿದಳು. ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಸಾಲು ಎಣಿಸಿದಳು. ಉಸಿರು ಸಾಲದೆ ಒಮ್ಮೆ ನಿಂತಳು. ಆಮೇಲೆ ಹಾಳೆಯನ್ನು ನನಗೇ ಹಿಂದಕ್ಕೆ ಚಾಚಿದಳು.

“ಓದು. ಕೆಳಗಿನ ಎರಡು ಸಾಲೂ ಬಿಡದಂಗೆ ಓದು.”